1098 ಮಕ್ಕಳ ಸಹಾಯವಾಣಿ: ಫೋನ್ ಕರೆಯಿಂದ ಹಾಜರಿ ಪುಸ್ತಕದವರೆಗೆ ಒಂದು ವಿಮರ್ಶೆ

ಬಾಲಕಾರ್ಮಿಕ ಮಕ್ಕಳನ್ನು ಬಿಡಿಸುವ ಸೇವೆ ಹೇಗಿದೆ ಎಂದು ಕೇಳಿದರೆ ದಾಳಿಯ ದಿನದ ಲೆಕ್ಕ ಕೊಡುವುದು ರೂಢಿ: ಇಷ್ಟು ಗ್ಯಾರೇಜು, ಇಷ್ಟು ಹೋಟೆಲು, ಇಷ್ಟು ಮಕ್ಕಳು. ಇಲ್ಲಿ ಅಳತೆಗೋಲು ಬೇರೆ. ಆಗಸ್ಟ್‌ನಲ್ಲಿ ಬಿಡಿಸಿದ ಮಗು ಮರುವರ್ಷದ ಜೂನ್‌ನಲ್ಲಿ ಶಾಲೆಯಲ್ಲಿ ಇದೆಯೇ? ಹಾಜರಿ ಪುಸ್ತಕದಲ್ಲಿ ಹೆಸರಿದ್ದರೆ ಸಾಲದು, ಬೆಂಚಿನ ಮೇಲೆ ಮಗು ಕೂತಿರಬೇಕು. ಹೀಗೆ ನೋಡಿದರೆ 1098 ಸೇವೆಯ ಮೊದಲ ಅರ್ಧ ನಂಬಿಕೆಗೆ ಅರ್ಹ. ಎರಡನೇ ಅರ್ಧ ಸೋರುತ್ತದೆ. ಸೋರುವುದೂ ಪ್ರತಿ ಸಲ ಹೆಚ್ಚುಕಡಿಮೆ ಅದೇ ನಾಲ್ಕೈದು ಕಡೆ. ಆ ಜಾಗಗಳು ಗೊತ್ತಿದ್ದರೆ ಕರೆ ಮಾಡುವವರು, ಮೇಷ್ಟ್ರು, ಪಂಚಾಯಿತಿ ಸದಸ್ಯರು ಮುಂಚೆಯೇ ಕೈ ಅಡ್ಡ ಹಿಡಿಯಬಹುದು. ಅದಕ್ಕಾಗಿ ಈ ಬರಹ.

1098 ಶುರುವಾದದ್ದು 1996ರಲ್ಲಿ, ಮುಂಬೈಯ ಟಾಟಾ ಸಮಾಜ ವಿಜ್ಞಾನ ಸಂಸ್ಥೆಯ ಒಂದು ಯೋಜನೆಯಾಗಿ. ಬಹಳ ವರ್ಷ ಜಿಲ್ಲೆಜಿಲ್ಲೆಯ ಸ್ವಯಂಸೇವಾ ಸಂಸ್ಥೆಗಳೇ ಫೋನ್ ಎತ್ತಿ, ಬಸ್ ಹತ್ತಿ, ಮಗುವಿನ ಹತ್ತಿರ ಹೋಗುತ್ತಿದ್ದವು. 2023ರಿಂದ ಕೇಂದ್ರದ ಮಕ್ಕಳ ರಕ್ಷಣಾ ಯೋಜನೆಯಾದ ಮಿಷನ್ ವಾತ್ಸಲ್ಯದ ಅಡಿಯಲ್ಲಿ ಇದು ರಾಜ್ಯ ಸರ್ಕಾರಗಳ ಕೈಗೆ ಬಂತು, 112 ತುರ್ತು ವ್ಯವಸ್ಥೆಯ ಜೊತೆ ಜೋಡಣೆಯಾಯಿತು. ಇದರಿಂದ ಲಾಭವೂ ಆಗಿದೆ, ನಷ್ಟವೂ ಆಗಿದೆ. ಪೊಲೀಸ್ ನೆರವು ಬೇಕಾದಾಗ ಕರೆಯನ್ನು ಅತ್ತ ದಾಟಿಸುವುದು ಈಗ ಸಲೀಸು. ಆದರೆ ಯಾವ ಓಣಿಯ ಯಾವ ಶೆಡ್ಡಿನಲ್ಲಿ ಮಕ್ಕಳನ್ನು ಮಲಗಿಸುತ್ತಾರೆ ಎಂದು ಹತ್ತು ವರ್ಷದಿಂದ ತಿಳಿದಿದ್ದ ಕಾರ್ಯಕರ್ತರ ಆ ತಿಳಿವಳಿಕೆ ಫೈಲಿನಲ್ಲಿ ವರ್ಗವಾಗಿ ಬರುವಂಥದ್ದಲ್ಲ. ಜಿಲ್ಲಾ ಮಕ್ಕಳ ರಕ್ಷಣಾ ಘಟಕದಲ್ಲಿ ಕೂತ ಬೆರಳೆಣಿಕೆಯ ಸಿಬ್ಬಂದಿ ಮೂರು ಪಾಳಿಗಳಲ್ಲಿ ಹಂಚಿಹೋಗಿರುತ್ತಾರೆ. ಹಾಗಾಗಿ ಕರೆ ಮಾಡುವವರು ಕೊಡುವ ಮಾಹಿತಿಯ ತೂಕ ಮೊದಲಿಗಿಂತ ಈಗ ಹೆಚ್ಚು.

ಕರೆ ಮಾಡುವಾಗ

ಕರೆ ಉಚಿತ, ಹಗಲು ರಾತ್ರಿ ನಡೆಯುತ್ತದೆ, ಕರೆ ಮಾಡಿದವರ ಹೆಸರನ್ನು ಗುಟ್ಟಾಗಿ ಇಡುವಂತೆ ಕೇಳಬಹುದು. ಆದರೆ "ಬಸ್ ಸ್ಟ್ಯಾಂಡ್ ಹತ್ತಿರದ ಹೋಟೆಲ್‌ನಲ್ಲಿ ಒಬ್ಬ ಹುಡುಗ ಕೆಲಸ ಮಾಡ್ತಿದಾನೆ" ಎಂದಷ್ಟೇ ಹೇಳಿದರೆ ಬಂದವರಿಗೆ ಯಾವ ಹುಡುಗನೂ ಸಿಗುವುದಿಲ್ಲ. ಹೇಳಬೇಕಾದದ್ದು ಇಷ್ಟು: ಅಂಗಡಿಯ ಬೋರ್ಡಿನ ಹೆಸರು, ಎದುರಿಗೆ ಏನಿದೆ, ಮಕ್ಕಳು ಎಷ್ಟು ಜನ, ಹುಡುಗಿಯರಿದ್ದಾರೆಯೇ, ಯಾವ ಭಾಷೆ ಮಾತಾಡುತ್ತಾರೆ, ರಾತ್ರಿ ಅಲ್ಲೇ ಮಲಗುತ್ತಾರೆಯೇ, ಯಾವ ಹೊತ್ತಿನಲ್ಲಿ ಕಣ್ಣಿಗೆ ಬೀಳುತ್ತಾರೆ. ಈ ಕೊನೆಯದನ್ನು ಬಹಳ ಜನ ಬಿಟ್ಟುಬಿಡುತ್ತಾರೆ. ಹೋಟೆಲಿನಲ್ಲಿ ಬೆಳಗಿನ ತಿಂಡಿಯ ಹೊತ್ತು, ಗ್ಯಾರೇಜಿನಲ್ಲಿ ಸಂಜೆ, ಇಟ್ಟಿಗೆ ಭಟ್ಟಿಯಲ್ಲಿ ಬಿಸಿಲೇರುವ ಮೊದಲು. ಮಧ್ಯಾಹ್ನ ಮೂರಕ್ಕೆ ತಂಡ ಹೋದರೆ ಖಾಲಿ ಬೆಂಚು ನೋಡಿಕೊಂಡು ವಾಪಸ್ ಬರುತ್ತದೆ, ಮರುದಿನದಿಂದ ಮಗು ಆ ಊರಿನಲ್ಲೇ ಇರುವುದಿಲ್ಲ.

ಭಾಷೆಯ ಮಾತೂ ಮುಖ್ಯ. ಮಗು ಹಿಂದಿ, ಒಡಿಯಾ ಅಥವಾ ಬಂಗಾಳಿ ಆಡುವುದಾದರೆ ಆ ಭಾಷೆ ಬಲ್ಲವರು ಬೇಕು. ಇಲ್ಲವಾದರೆ ಮಗುವಿನ ಮಾತನ್ನು ಅರ್ಥ ಮಾಡಿ ಹೇಳುವ ಕೆಲಸ ಮಾಲೀಕನ ಕೈಗೇ ಹೋಗುತ್ತದೆ, ಹೇಳಿಕೆ ಅಲ್ಲೇ ಹಾಳಾಗುತ್ತದೆ.

ಮಾಡಬಾರದ್ದು ಎರಡು. ಮಾಲೀಕನ ಜೊತೆ ಜಗಳಕ್ಕೆ ನಿಲ್ಲಬೇಡಿ. ಸುಳಿವು ಸಿಕ್ಕರೆ ಸಂಜೆಯೊಳಗೆ ಮಗುವನ್ನು ಬೇರೆ ಕಡೆ ಸಾಗಿಸುತ್ತಾರೆ. ಮಗುವಿನ ಮುಖ ಕಾಣುವ ಫೋಟೊವನ್ನು ವಾಟ್ಸಾಪ್ ಗುಂಪಿಗೆ ಹಾಕಬೇಡಿ. ಬಾಲನ್ಯಾಯ ಕಾಯ್ದೆಯ 74ನೇ ಕಲಂ ಪ್ರಕಾರ ಇಂಥ ಮಗುವಿನ ಗುರುತು ಬಯಲು ಮಾಡುವುದೇ ಅಪರಾಧ. ಕಾಯ್ದೆ ಹಾಗಿರಲಿ, ಅದೇ ಫೋಟೊ ನಾಳೆ ಆ ಮಗುವಿನ ತರಗತಿಯ ಮಕ್ಕಳ ಕೈಯಲ್ಲಿರುತ್ತದೆ.

ಇನ್ನೊಂದು ಮಾತು. ಅಪ್ಪನ ಅಂಗಡಿಯಲ್ಲಿ ಶಾಲೆ ಮುಗಿದ ಮೇಲೆ ಕೈಜೋಡಿಸುವ ಮಗುವಿಗಾಗಿ ಕರೆ ಮಾಡಬೇಕಾಗಿಲ್ಲ. ಬಾಲಕಾರ್ಮಿಕ ಕಾಯ್ದೆಗೆ ಬಂದ 2016ರ ತಿದ್ದುಪಡಿ ಕಾಯ್ದೆ 14 ವರ್ಷದೊಳಗಿನ ಮಕ್ಕಳ ದುಡಿಮೆಯನ್ನು ಪೂರ್ತಿ ನಿಷೇಧಿಸಿದೆ. ಆದರೆ ಸ್ವಂತ ಕುಟುಂಬದ ಅಪಾಯವಿಲ್ಲದ ಕೆಲಸಕ್ಕೆ ಶಾಲಾ ಸಮಯದ ಆಚೆ ನೆರವಾಗಲು ಬಿಟ್ಟಿದೆ. ಆ ವಿನಾಯಿತಿಯಲ್ಲೂ ಸಂಜೆ 7ರಿಂದ ಬೆಳಗ್ಗೆ 8ರವರೆಗೆ ಕೆಲಸ ಕೂಡದು ಎಂದು ನಿಯಮ ಹೇಳುತ್ತದೆ. ಬೆಳಗಿನ ಜಾವ ನಾಲ್ಕಕ್ಕೆ ಎದ್ದು ಹೂ ಕಟ್ಟಿ, ಮಾರಿ, ಒಂಬತ್ತೂವರೆಗೆ ತೂಕಡಿಸುತ್ತಾ ತರಗತಿಗೆ ಬರುವ ಮಗು ಈ ವಿನಾಯಿತಿಯೊಳಗೆ ಬರುವುದಿಲ್ಲ. ಅಲ್ಲಿ ಮೊದಲು ಬೇಕಾದದ್ದು ಮೇಷ್ಟ್ರು ಮನೆಗೆ ಹೋಗಿ ಆಡುವ ಮಾತು. ಕರೆ ಅದಾದ ಮೇಲೆ.

ಬಿಡಿಸುವ ದಿನ

ತಂಡದಲ್ಲಿ ಕಾರ್ಮಿಕ ನಿರೀಕ್ಷಕರು, ಪೊಲೀಸರು, ಮಕ್ಕಳ ರಕ್ಷಣಾ ಘಟಕದವರು ಇರಬೇಕು. ಹುಡುಗಿಯರಿದ್ದರೆ ಮಹಿಳಾ ಸಿಬ್ಬಂದಿ ಬೇಕೇ ಬೇಕು. ಶಿಕ್ಷಣ ಇಲಾಖೆಯ ಒಬ್ಬರನ್ನು, ಕೊನೆಗೆ ಆ ಕ್ಲಸ್ಟರಿನ (ಸುತ್ತಲಿನ ಕೆಲವು ಶಾಲೆಗಳ ಗುಂಪಿನ) ಸಂಪನ್ಮೂಲ ವ್ಯಕ್ತಿಯಾದ ಸಿಆರ್‌ಪಿಯನ್ನಾದರೂ, ಅದೇ ದಿನ ಜೊತೆಗೆ ಕರೆದುಕೊಂಡರೆ ಮುಂದಿನ ಅರ್ಧ ಕೆಲಸ ಹಗುರಾಗುತ್ತದೆ. ಇಲ್ಲದಿದ್ದರೆ ಶಾಲೆಯವರಿಗೆ ಆ ಮಗುವಿನ ವಿಷಯ ತಿಂಗಳಾದ ಮೇಲೆ ಒಂದು ಪತ್ರದ ಮೂಲಕ ತಿಳಿಯುತ್ತದೆ.

ಅಂಗಡಿಯಿಂದ ಹೊರಡುವ ಮೊದಲು ತೆಗೆದುಕೊಳ್ಳಬೇಕಾದ ವಸ್ತುಗಳಿವೆ. ಮಗುವಿನ ಬಟ್ಟೆಬರೆ, ಅಪ್ಪ ಅಮ್ಮನ ಫೋನ್ ನಂಬರ್, ಮಾಲೀಕನ ಕೂಲಿ ಲೆಕ್ಕದ ಪುಸ್ತಕ. ಈ ಪುಸ್ತಕವೇ ಜೀವಾಳ. ಎಷ್ಟು ದಿನದ ಹಾಜರಿ, ಎಷ್ಟು ಕೊಟ್ಟಿದ್ದಾರೆ, ಮುಂಗಡ ಎಷ್ಟು ಎಂಬುದು ಅದರಲ್ಲೇ ಇರುತ್ತದೆ. ಅವತ್ತು ಬಿಟ್ಟುಬಂದರೆ ಮರುದಿನ ಅದು ಸಿಗುವುದಿಲ್ಲ, ಕೋರ್ಟಿನಲ್ಲಿ "ಹುಡುಗ ಸುಮ್ಮನೆ ಕೂತಿದ್ದ, ನಮ್ಮ ಸಂಬಂಧಿಕ" ಎಂಬ ಮಾತು ಗೆಲ್ಲುತ್ತದೆ. ಮಗುವಿನ ಹೇಳಿಕೆಯನ್ನು ಆ ಜಾಗದಲ್ಲಿ, ಮಾಲೀಕನ ಕಣ್ಣೆದುರು ತೆಗೆದುಕೊಳ್ಳಲೇಬಾರದು. ಮೊದಲು ಊಟ ಕೊಡಿಸಿ, ಕೂರಿಸಿ, ಆಮೇಲೆ ಕೇಳಬೇಕು.

24 ಗಂಟೆಯೊಳಗೆ, ಪ್ರಯಾಣದ ಹೊತ್ತು ಬಿಟ್ಟು, ಮಗುವನ್ನು ಮಕ್ಕಳ ಕಲ್ಯಾಣ ಸಮಿತಿಯ (ರಕ್ಷಣೆ ಬೇಕಾದ ಮಕ್ಕಳ ವಿಷಯ ತೀರ್ಮಾನಿಸುವ ಜಿಲ್ಲಾ ಸಮಿತಿ) ಮುಂದೆ ಹಾಜರುಪಡಿಸಬೇಕು. ಇಷ್ಟರ ಮಟ್ಟಿಗೆ ಸೇವೆ ಸಾಮಾನ್ಯವಾಗಿ ಗಡುವು ಪಾಲಿಸುತ್ತದೆ.

ಮೊದಲ ಸೋರಿಕೆ ವಯಸ್ಸಿನದು. ಮಾಲೀಕ 15 ಎನ್ನುತ್ತಾನೆ, ಹೆದರಿದ ಅಪ್ಪನೂ 15 ಎನ್ನುತ್ತಾನೆ, ಆಧಾರ್ ಕಾರ್ಡಿನಲ್ಲಿ ಜನವರಿ 1 ಎಂದಿರುತ್ತದೆ. ಬಾಲನ್ಯಾಯ ಕಾಯ್ದೆಯ 94ನೇ ಕಲಂ ಕ್ರಮ ಹಾಕಿಕೊಟ್ಟಿದೆ: ಮೊದಲು ಶಾಲೆಯ ಜನ್ಮ ದಿನಾಂಕ ದಾಖಲೆ ಅಥವಾ ಎಸ್‌ಎಸ್‌ಎಲ್‌ಸಿ ಪ್ರಮಾಣಪತ್ರ, ಅದಿಲ್ಲದಿದ್ದರೆ ಪಂಚಾಯಿತಿ ಅಥವಾ ನಗರಸಭೆಯ ಜನನ ಪ್ರಮಾಣಪತ್ರ, ಅದೂ ಇಲ್ಲದಿದ್ದರೆ ಮಾತ್ರ ಮೂಳೆ ಪರೀಕ್ಷೆ. ಆ ಸಾಲಿನಲ್ಲಿ ಆಧಾರ್ ಇಲ್ಲವೇ ಇಲ್ಲ. ಕೆಲಸಕ್ಕೆ ಬಂದ ಮಕ್ಕಳಲ್ಲಿ ಬಹುಪಾಲು ಎರಡು ಮೂರನೇ ತರಗತಿಯವರೆಗಾದರೂ ಓದಿ ಬಿಟ್ಟವರು, ಹಾಗಾಗಿ ಊರಿನ ಶಾಲೆಯ ದಾಖಲಾತಿ ರಿಜಿಸ್ಟರಿನಲ್ಲಿ ಹೆಸರು ಇದ್ದೇ ಇರುತ್ತದೆ. ಹೆಡ್‌ಮಾಸ್ಟರಿಗೆ ಫೋನ್ ಮಾಡಿ ಆ ಪುಟದ ಪ್ರತಿ ತರಿಸಿಕೊಂಡರೆ ಒಂದು ದಿನದ ಕೆಲಸ. ಅದರಲ್ಲೂ ಜೂನ್ 1 ಎಂದಿರಬಹುದು, ನಮ್ಮ ಕಡೆ ಅರ್ಧ ಊರಿನ ಹುಟ್ಟುಹಬ್ಬ ಅವತ್ತೇ. ಆದರೂ ಕಾನೂನಿನ ಕಣ್ಣಲ್ಲಿ ಅದು ಆಧಾರ್‌ಗಿಂತ ಗಟ್ಟಿ ದಾಖಲೆ. ಈ ಒಂದು ಫೋನ್ ಮಾಡದೆ ನೇರವಾಗಿ ಮೂಳೆ ಪರೀಕ್ಷೆಗೆ ಕಳಿಸುವುದು ದೊಡ್ಡ ತಪ್ಪು. ಆ ಪರೀಕ್ಷೆ ಕೊಡುವುದು ಅಂದಾಜು ಮಾತ್ರ, 13ರ ಮಗು 15 ಆಗಿಬಿಡುವ ಅಪಾಯ ಅದರಲ್ಲಿದೆ.

ಹಣದ ದಾರಿಗಳು

ಮಗುವನ್ನು ಬಿಡಿಸಿದ ವಾರದಲ್ಲೇ ಮನೆಯ ಆದಾಯ ಇಳಿಯುತ್ತದೆ. ಆ ಕುಳಿ ತುಂಬಲು ಕಾನೂನಿನಲ್ಲಿ ದಾರಿಗಳಿವೆ. ಎಲ್ಲವೂ ಬೇರೆಬೇರೆ ಕಚೇರಿಗಳಲ್ಲಿವೆ, ಯಾವುದೂ ತಾನಾಗಿ ಬರುವುದಿಲ್ಲ. ಈ ಸೇವೆಯ ಅತಿ ದುರ್ಬಲ ಕೊಂಡಿ ಇದೇ.

1996ರ ಎಂ.ಸಿ. ಮೆಹ್ತಾ ತೀರ್ಪಿನಲ್ಲಿ ಸುಪ್ರೀಂ ಕೋರ್ಟ್ ಮಗುವೊಂದಕ್ಕೆ 20,000 ರೂಪಾಯಿಯನ್ನು ಮಾಲೀಕ ಪುನರ್ವಸತಿ ನಿಧಿಗೆ ಕಟ್ಟಬೇಕೆಂದು ಹೇಳಿತು. 2016ರ ತಿದ್ದುಪಡಿ ಕಾಯ್ದೆಯಲ್ಲಿ ಮೊದಲ ಅಪರಾಧಕ್ಕೆ ದಂಡ 20,000ದಿಂದ 50,000 ರೂಪಾಯಿ, ಜೈಲು 6 ತಿಂಗಳಿಂದ 2 ವರ್ಷ. ಅದೇ ಕಾಯ್ದೆ ಜಿಲ್ಲಾ ನಿಧಿಯೊಂದನ್ನು ಮಾಡಿ, ದಂಡದ ಹಣದ ಜೊತೆಗೆ ಸರ್ಕಾರ ಮಗುವಿನ ಹೆಸರಿಗೆ 15,000 ರೂಪಾಯಿ ಹಾಕಬೇಕು ಎನ್ನುತ್ತದೆ. ಇವು ಒಳ್ಳೆಯ ಏರ್ಪಾಡುಗಳೇ. ಆದರೆ ಠೇವಣಿಯ ಹಣ ಈ ತಿಂಗಳ ಅಕ್ಕಿಬೇಳೆಗೆ ಆಗುವುದಿಲ್ಲ.

ತಿಂಗಳ ಖರ್ಚಿಗೆ ಆಗುವುದು ಮಿಷನ್ ವಾತ್ಸಲ್ಯದ ಪ್ರಾಯೋಜಕತ್ವ: ಮಗುವಿಗೆ ತಿಂಗಳಿಗೆ 4,000 ರೂಪಾಯಿ. ಕುಟುಂಬದ ವಾರ್ಷಿಕ ಆದಾಯ ಹಳ್ಳಿಯಲ್ಲಿ 72,000, ಉಳಿದೆಡೆ 96,000 ರೂಪಾಯಿ ಮೀರಿರಬಾರದು. ಇದಕ್ಕೆ ಬೇಕಾಗುವ ಆದಾಯ ಪ್ರಮಾಣಪತ್ರ, ಬ್ಯಾಂಕ್ ಖಾತೆ, ಶಾಲೆಯ ದೃಢೀಕರಣ ಇವನ್ನು ಮೊದಲ ಹದಿನೈದು ದಿನದಲ್ಲೇ ಕೂಡಿಸಿ ಅರ್ಜಿ ಹಾಕಬೇಕು. ಇದನ್ನು ಮಂಜೂರು ಮಾಡುವ ಸಮಿತಿ ಸಭೆ ಸೇರಿ ಒಪ್ಪಲು ಹೇಗೂ ಸಮಯ ಹಿಡಿಯುತ್ತದೆ, ಆ ನಡುವಿನ ತಿಂಗಳುಗಳಲ್ಲೇ ಮಕ್ಕಳು ವಾಪಸ್ ಕೆಲಸಕ್ಕೆ ಜಾರುವುದು. ಆ ಅವಧಿಯಲ್ಲಿ ಪಂಚಾಯಿತಿ ಮಾಡಬಹುದಾದ ಸರಳ ಕೆಲಸವೊಂದಿದೆ: ಆ ಮನೆಯ ದೊಡ್ಡವರ ಹೆಸರಿಗೆ ಉದ್ಯೋಗ ಖಾತ್ರಿ ಕೆಲಸವನ್ನು ಅದೇ ವಾರ ತೆರೆಯುವುದು. ಕೂಸಿನ ಮನೆ (ಪಂಚಾಯಿತಿಯ ಶಿಶುಪಾಲನಾ ಕೇಂದ್ರ) ಇರುವ ಪಂಚಾಯಿತಿಯಾದರೆ ಆ ಮನೆಯ ಚಿಕ್ಕ ಮಗುವನ್ನು ಅಲ್ಲಿ ಸೇರಿಸುವುದು. ಹತ್ತು ವರ್ಷದ ಹುಡುಗಿ ಶಾಲೆ ಬಿಡುವುದು ಎಷ್ಟೋ ಮನೆಗಳಲ್ಲಿ ತಮ್ಮನನ್ನೋ ತಂಗಿಯನ್ನೋ ಎತ್ತಿಕೊಳ್ಳಲು. ಸೊಂಟದ ಮೇಲಿನ ಕೂಸು ಇಳಿದರೆ ಅವಳು ಶಾಲೆಗೆ ಬರುತ್ತಾಳೆ.

ಮುಂಗಡ ಕೊಟ್ಟು ಮಗುವನ್ನು ಇಟ್ಟುಕೊಂಡಿದ್ದರೆ ಪ್ರಕರಣ ಬೇರೆಯೇ ಆಗುತ್ತದೆ. ರಾಮನಗರ, ಮಾಗಡಿ ಕಡೆಯ ರೇಷ್ಮೆ ಘಟಕಗಳಲ್ಲಿ ಹೀಗೆ ಮುಂಗಡದ ಮೇಲೆ ಮಕ್ಕಳನ್ನು ದುಡಿಸುತ್ತಿದ್ದದ್ದು ಹಿಂದೆ ವಿವರವಾಗಿ ದಾಖಲಾಗಿದೆ. ಅದು 1976ರ ಜೀತ ಪದ್ಧತಿ ರದ್ದತಿ ಕಾಯ್ದೆಯಡಿ ಬರುವ ಅಪರಾಧ. ಸಾಲ ಆ ಕ್ಷಣವೇ ರದ್ದು, ಅದನ್ನು ತೀರಿಸಬೇಕಾಗಿಲ್ಲ. ಬಿಡುಗಡೆ ಪತ್ರ ಸಿಕ್ಕರೆ ಕೇಂದ್ರದ ಪುನರ್ವಸತಿ ಯೋಜನೆಯಡಿ ಮಕ್ಕಳಿಗೆ 2 ಲಕ್ಷ ರೂಪಾಯಿವರೆಗೆ, ಅತಿ ಕ್ರೂರ ಪ್ರಕರಣಗಳಲ್ಲಿ 3 ಲಕ್ಷದವರೆಗೆ ನೆರವಿದೆ. ಆದ್ದರಿಂದ ಹೇಳಿಕೆ ಬರೆದುಕೊಳ್ಳುವಾಗಲೇ ಕೇಳಬೇಕು: "ನಿಮ್ಮ ಅಪ್ಪ ಮುಂಚೆ ದುಡ್ಡು ಇಸ್ಕೊಂಡಿದ್ರಾ? ಎಷ್ಟು? ನಿಂಗೆ ಬಿಟ್ಟು ಹೋಗೋಕೆ ಬಿಡ್ತಿದ್ರಾ?" ಈ ಮೂರು ಪ್ರಶ್ನೆ ಬಿಟ್ಟುಹೋದರೆ ಜೀತ ಪ್ರಕರಣ ಮಾಮೂಲಿ ದಂಡದ ಪ್ರಕರಣವಾಗಿ ಮುಗಿಯುತ್ತದೆ.

ಅಪ್ಪ ಅಮ್ಮನನ್ನು ಕಳ್ಳರಂತೆ ನಡೆಸಿಕೊಳ್ಳುವುದು ಅನ್ಯಾಯ, ಕಾಯ್ದೆಯೂ ಅದನ್ನು ಒಪ್ಪುವುದಿಲ್ಲ. ಮೊದಲ ಸಲಕ್ಕೆ ಸಾಮಾನ್ಯವಾಗಿ ಅವರಿಗೆ ಶಿಕ್ಷೆಯಿಲ್ಲ. ಮಕ್ಕಳ ಕಲ್ಯಾಣ ಸಮಿತಿಯ ಮುಂದೆ ಮುಚ್ಚಳಿಕೆ ಬರೆದುಕೊಟ್ಟು ಮಗುವನ್ನು ಕರೆದುಕೊಂಡು ಹೋಗುತ್ತಾರೆ. ಆ ಮುಚ್ಚಳಿಕೆಯಲ್ಲಿ "ಕೆಲಸಕ್ಕೆ ಕಳಿಸುವುದಿಲ್ಲ" ಎಂಬ ಸಾಲಿನ ಜೊತೆಗೆ ಯಾವ ಶಾಲೆ, ಯಾವ ದಿನ ಸೇರಿಸುವುದು ಎಂದೂ ಬರೆಸಿ, ಅದರ ಪ್ರತಿಯನ್ನು ಆ ಶಾಲೆಗೆ ಕಳಿಸುವ ಸಮಿತಿಗಳ ಕೆಲಸ ಮೆಚ್ಚತಕ್ಕದ್ದು. ಎಲ್ಲ ಕಡೆ ಇದೇ ಪದ್ಧತಿ ಆಗಬೇಕು.

ಶಾಲೆಯ ಮೊದಲ ತಿಂಗಳು

ಸೇರಿಸುವಾಗ ಕೇಳಿಬರುವ ಮೊದಲ ಮಾತು "ಟಿಸಿ ತನ್ನಿ". ಶಿಕ್ಷಣ ಹಕ್ಕು ಕಾಯ್ದೆಯಲ್ಲಿ ಟಿಸಿ ತಡವಾಯಿತೆಂದು ದಾಖಲಾತಿ ನಿಲ್ಲಿಸುವಂತಿಲ್ಲ. ವಯಸ್ಸಿನ ದಾಖಲೆ ಇಲ್ಲವೆಂದೂ ನಿಲ್ಲಿಸುವಂತಿಲ್ಲ, ವರ್ಷದ ಮಧ್ಯ ಬಂದರೆಂದೂ ನಿಲ್ಲಿಸುವಂತಿಲ್ಲ. ಆದರೆ ಒಂದು ತಾಂತ್ರಿಕ ತೊಡಕು ನಿಜವಾಗಿಯೂ ಇದೆ. ಹಳೆಯ ಶಾಲೆಯಲ್ಲಿ ಹೆಸರು ಇನ್ನೂ ಓಡುತ್ತಿದ್ದರೆ, ವಿದ್ಯಾರ್ಥಿಗಳ ದಾಖಲೆ ಇಡುವ ಸರ್ಕಾರಿ ಆನ್‌ಲೈನ್ ವ್ಯವಸ್ಥೆಯಾದ ಎಸ್‌ಎಟಿಎಸ್‌ನಲ್ಲಿ ಹಳೆಯ ಸಂಖ್ಯೆಯನ್ನೇ ಹೊಸ ಶಾಲೆಗೆ ವರ್ಗಾಯಿಸಿಕೊಳ್ಳಬೇಕು. ಹೊಸದಾಗಿ ನಮೂದಿಸಹೊರಟರೆ ಒಂದೇ ಮಗು ಎರಡಾಗಿ, ಪುಸ್ತಕ, ಸಮವಸ್ತ್ರ, ವಿದ್ಯಾರ್ಥಿವೇತನಕ್ಕೆಲ್ಲ ತಕರಾರು ಬರುತ್ತದೆ.

ಕಾಯ್ದೆಯ 4ನೇ ಕಲಂ ಮಗುವನ್ನು ವಯಸ್ಸಿಗೆ ತಕ್ಕ ತರಗತಿಗೆ ಸೇರಿಸಬೇಕು ಎನ್ನುತ್ತದೆ, ಸಮನಾಗಲು ವಿಶೇಷ ತರಬೇತಿಯ ಹಕ್ಕನ್ನೂ ಕೊಡುತ್ತದೆ: ನಿಯಮಗಳ ಪ್ರಕಾರ ಕನಿಷ್ಠ 3 ತಿಂಗಳು, ಹೆಚ್ಚೆಂದರೆ 2 ವರ್ಷ. ಹೀಗೆ ಸೇರಿದ ಮಗುವಿಗೆ 14 ದಾಟಿದರೂ 8ನೇ ತರಗತಿ ಮುಗಿಯುವವರೆಗೆ ಉಚಿತ ಶಿಕ್ಷಣ. ಈ ಕೊನೆಯ ಮಾತು ಎಷ್ಟೋ ಶಾಲೆಗಳಿಗೇ ಗೊತ್ತಿಲ್ಲ. ಗೊತ್ತಿಲ್ಲದೆ ಹದಿಮೂರೂವರೆ ವರ್ಷದ ಮಗುವನ್ನು "ಇನ್ನೇನು ಆಯ್ತಲ್ಲ" ಎಂದು ಬಿಟ್ಟುಬಿಡುತ್ತಾರೆ.

ಆದರೆ ಹನ್ನೆರಡು ವರ್ಷದ, ಅಕ್ಷರ ಮರೆತ ಹುಡುಗನನ್ನು ತರಬೇತಿಯಿಲ್ಲದೆ ಏಳನೇ ತರಗತಿಯ ಹಿಂದಿನ ಬೆಂಚಿನಲ್ಲಿ ಕೂರಿಸಿದರೆ ಅವನು ಎರಡು ವಾರ ನಿಲ್ಲುವುದಿಲ್ಲ. ಒಂದನೇ ತರಗತಿಯ ಪುಸ್ತಕ ಕೊಟ್ಟು "ಅ ಅರಸ" ಓದಿಸಿದರೂ ನಿಲ್ಲುವುದಿಲ್ಲ, ನಾಚಿಕೆಯಿಂದ ಓಡುತ್ತಾನೆ. ಅವನಿಗೆ ಈಗಾಗಲೇ ಏನು ಗೊತ್ತಿದೆ ಎಂದು ಹುಡುಕುವುದೇ ಸರಿಯಾದ ಆರಂಭ. ಗ್ಯಾರೇಜಿನಿಂದ ಬಂದ ಹುಡುಗನ ಮುಂದೆ ಮೂರು ಸ್ಪ್ಯಾನರ್ ಇಡಿ. 10-11, 12-13, 14-15, ಲೋಹದ ಮೇಲೆ ಒತ್ತಿದ ಆ ಅಂಕಿಗಳನ್ನು ಅವನು ಎಣ್ಣೆಗೈಯಿಂದ ಒರೆಸಿ ನೋಡಿ ನೋಡಿ ಓದಬಲ್ಲವನಾಗಿರುತ್ತಾನೆ. ಯಾವುದು ದೊಡ್ಡದು, ನಟ್ಟಿಗೆ ಸಡಿಲವಾದರೆ ಎಷ್ಟು ಕೆಳಗಿಳಿಯಬೇಕು ಎಂಬುದು ಬೆರಳಿಗೇ ಗೊತ್ತು. ಸಂಖ್ಯೆಯ ಪಾಠ ಅಲ್ಲಿಂದ ಶುರುವಾದರೆ ಮೊದಲ ದಿನವೇ ಅವನು ಸರಿಯುತ್ತರ ಹೇಳಿರುತ್ತಾನೆ. ಹೋಟೆಲಿನ ಮಗು ಮೂರು ಟೇಬಲ್ಲಿನ ಬಿಲ್ಲನ್ನು ಬಾಯಲ್ಲೇ ಕೂಡಿಸುತ್ತದೆ, ಕಾಗದದ ಮೇಲೆ ದಶಕ ಏರಿಸಲು ಬರುವುದಿಲ್ಲ. ಬಾಯಿಲೆಕ್ಕವನ್ನು ಕಾಗದಕ್ಕೆ ಇಳಿಸುವುದೇ ಅದರ ಮೊದಲ ತಿಂಗಳ ಗಣಿತ. ಪೆನ್ಸಿಲ್ ಹಿಡಿಯಲು ಗಡುಸಾದ ಬೆರಳು ಬಾಗದಿದ್ದರೆ ಸ್ಲೇಟು ಮತ್ತು ದಪ್ಪ ಬಳಪ ಕೊಡಿ. ಮಧ್ಯಾಹ್ನ ನಿದ್ದೆ ಬಂದರೆ ಮಲಗಲು ಬಿಡಿ. ರಾತ್ರಿ ಹನ್ನೊಂದರವರೆಗೆ ಪಾತ್ರೆ ತೊಳೆದ ದೇಹಕ್ಕೆ ಹೊಸ ಗಡಿಯಾರ ಒಗ್ಗಲು ಸಮಯ ಬೇಕು. ರಕ್ತಹೀನತೆ, ಕಜ್ಜಿ, ಕಣ್ಣು, ಕಿವಿ ಮೊದಲ ವಾರವೇ ತಪಾಸಣೆ ಆಗಬೇಕು. ಬೋರ್ಡು ಕಾಣದ ಮಗುವನ್ನು ದಡ್ಡ ಎಂದು ಬರೆದುಬಿಟ್ಟರೆ ಆಮೇಲೆ ಅಳಿಸುವವರಿಲ್ಲ.

ಗೈರುಹಾಜರಿಗೆ ಮೂರು ದಿನದ ಗಡಿ ಇಟ್ಟುಕೊಳ್ಳಿ. ಮೂರನೇ ದಿನ ಯಾರಾದರೂ ಮನೆಗೆ ಹೋಗಲೇಬೇಕು. ವಾರವಾದರೆ ಮಗು ಇನ್ನೊಂದು ಕೆಲಸದಲ್ಲಿರುತ್ತದೆ. ಸಂತೆಯ ದಿನ, ಹಬ್ಬದ ಮರುದಿನ, ದಸರಾ ರಜೆ ಮುಗಿದ ಮೊದಲ ದಿನ, ಇವು ಕಳೆದುಹೋಗುವ ದಿನಗಳು.

ಎರಡು ಮಾದರಿಗಳು

ಈ ಎರಡನೇ ಅರ್ಧವನ್ನು ಸರಿಯಾಗಿ ಮಾಡಿ ತೋರಿಸಿದವರು ಇದ್ದಾರೆ. ಎಂ.ವಿ. ಫೌಂಡೇಷನ್ 1991ರಿಂದ ಅಂದಿನ ಆಂಧ್ರದ ರಂಗಾರೆಡ್ಡಿ ಜಿಲ್ಲೆಯಲ್ಲಿ ಮಾಡಿದ ಕೆಲಸ ಅಂಥದ್ದು. ಅದನ್ನು ಮುನ್ನಡೆಸಿದ ಶಾಂತಾ ಸಿನ್ಹಾ ಅವರಿಗೆ 2003ರಲ್ಲಿ ಮ್ಯಾಗ್ಸೆಸೆ ಪ್ರಶಸ್ತಿ ಬಂತು, ಮುಂದೆ ರಾಷ್ಟ್ರೀಯ ಮಕ್ಕಳ ಹಕ್ಕುಗಳ ರಕ್ಷಣಾ ಆಯೋಗದ ಮೊದಲ ಅಧ್ಯಕ್ಷರಾದರು. ಅವರ ನಿಲುವು ಕಡ್ಡಿಮುರಿದಂತೆ: ಶಾಲೆಯಿಂದ ಹೊರಗಿರುವ ಪ್ರತಿ ಮಗುವೂ ಬಾಲಕಾರ್ಮಿಕ, ಹಗಲು ಕೆಲಸ ರಾತ್ರಿ ಪಾಠ ಎಂಬ ರಾತ್ರಿಶಾಲೆಯ ರಾಜಿ ಬೇಡ, ಪೂರ್ಣಾವಧಿ ಶಾಲೆಯೇ ಬೇಕು. ಇದಕ್ಕಾಗಿ ವಸತಿ ಸೇತುಬಂಧ ಶಿಬಿರಗಳನ್ನು ಕಟ್ಟಿದರು. ಮೊದಲು ಹಾಡು, ಆಟ, ಮಾತು, ಆಮೇಲೆ ಕಲಿಕೆಯ ಮಟ್ಟ ನೋಡಿ ಗುಂಪು, ನಂತರ ಸರ್ಕಾರಿ ಶಾಲೆ ಮತ್ತು ಸಮಾಜ ಕಲ್ಯಾಣ ಹಾಸ್ಟೆಲು. ಮನೆಮನೆ ತಿರುಗಿದವರು ಅದೇ ಊರುಗಳಿಂದ ಮೊದಲ ಸಲ ಓದಿದ ಯುವಕ ಯುವತಿಯರು. ಸರ್ಕಾರಿ ಮೇಷ್ಟ್ರುಗಳೇ ಬಾಲಕಾರ್ಮಿಕ ವಿಮೋಚನಾ ವೇದಿಕೆ ಕಟ್ಟಿಕೊಂಡು ಜೊತೆಯಾದರು. ಕರ್ನಾಟಕದಲ್ಲೂ ಚಿನ್ನರ ಅಂಗಳ, ಕೂಲಿಯಿಂದ ಶಾಲೆಗೆ ಎಂಬ ಕಾರ್ಯಕ್ರಮಗಳು ಸೇತುಬಂಧದ ದಾರಿಯಲ್ಲೇ ನಡೆದವು. ಎರಡು ತಿಂಗಳ ಬೇಸಿಗೆ ಶಿಬಿರ ಚಿಕ್ಕ ಮಕ್ಕಳಿಗೆ ಸಾಕು. ಹನ್ನೊಂದು ಹನ್ನೆರಡು ದಾಟಿ, ವರ್ಷಗಟ್ಟಲೆ ದುಡಿದ ಮಗುವಿಗೆ ಅದು ಸಾಲದು, ಒಂದು ವರ್ಷದ ಹತ್ತಿರ ಬೇಕು.

ಇನ್ನೊಂದು ಮಾದರಿ ನಮ್ಮ ಕುಂದಾಪುರದ್ದು. ದಿ ಕನ್ಸರ್ನ್ಡ್ ಫಾರ್ ವರ್ಕಿಂಗ್ ಚಿಲ್ಡ್ರನ್ ಸಂಸ್ಥೆಯ ಜೊತೆ ದುಡಿಯುವ ಮಕ್ಕಳೇ 1990ರಲ್ಲಿ ಭೀಮ ಸಂಘ ಕಟ್ಟಿಕೊಂಡರು. ಮಕ್ಕಳ ಪಂಚಾಯಿತಿಗಳು ಬಂದವು. ನಮ್ಮ ಭೂಮಿ ಎಂಬ ವಸತಿ ಕೇಂದ್ರದಲ್ಲಿ ಹದಿಹರೆಯದವರು ಕಸುಬು ಕಲಿತರು. ಮಕ್ಕಳನ್ನು ಕೇಳದೆ ಮಾಡುವ ದಾಳಿ ಅವರನ್ನು ಇನ್ನೂ ಕತ್ತಲೆಯ ಕೆಲಸಕ್ಕೆ ತಳ್ಳುತ್ತದೆ ಎಂಬುದು ಇವರ ವಾದ. ಎಂ.ವಿ. ಫೌಂಡೇಷನ್‌ಗೂ ಇವರಿಗೂ ಇರುವ ಭಿನ್ನಾಭಿಪ್ರಾಯ ಆಳವಾದದ್ದು, ಪ್ರಾಮಾಣಿಕವಾದದ್ದು. ಈ ವಿಮರ್ಶೆಯ ನಿಲುವು ಹೀಗೆ: 14ರ ಕೆಳಗೆ ರಂಗಾರೆಡ್ಡಿಯ ಹಟವೇ ಸರಿ, ಅಲ್ಲಿ ಒಂದು ಗೇಣು ಬಿಟ್ಟರೂ ಮಗು ಕೈತಪ್ಪುತ್ತದೆ. 14ರಿಂದ 18ರವರಿಗೆ ಕುಂದಾಪುರದ ಕಿವಿಗೊಡುವ ಗುಣ ಬೇಕು. 1098 ಸೇವೆ ಹೆಚ್ಚು ಎಡವುವುದು ಈ ಎರಡನೇ ವಯಸ್ಸಿನಲ್ಲೇ. ಗಣಿ, ಸ್ಫೋಟಕ, ಅಪಾಯಕಾರಿ ಕಾರ್ಖಾನೆಯಿಂದ ಬಿಡಿಸಿದ 16ರ ಹುಡುಗನಿಗೆ ಮುಂದೇನು ಎಂಬ ಸಿದ್ಧ ಉತ್ತರ ಇಲ್ಲ. ಇರುವ ದಾರಿಗಳನ್ನು ಹೇಳಿಕೊಡುವವರಾದರೂ ಬೇಕು. ರಾಷ್ಟ್ರೀಯ ಮುಕ್ತ ಶಾಲೆಯಲ್ಲಿ 3, 5, 8ನೇ ತರಗತಿಗೆ ಸಮನಾದ ಹಂತಗಳಿವೆ, 14 ತುಂಬಿದವರು ಹತ್ತನೆಯದಕ್ಕೂ ಕೂರಬಹುದು. ಐಟಿಐಗೆ ಕನಿಷ್ಠ ವಯಸ್ಸು 14, ಕೆಲವು ವೃತ್ತಿಗಳಿಗೆ 8ನೇ ತರಗತಿ ಸಾಕು.

ಹತ್ತಿಯ ಹಂಗಾಮು

1098ಕ್ಕೆ ಕರೆಯೇ ಬಾರದ ಜಾಗವೂ ಒಂದಿದೆ. ಹಾವೇರಿ, ಕೊಪ್ಪಳ ಕಡೆ ಹೈಬ್ರಿಡ್ ಹತ್ತಿ ಬೀಜೋತ್ಪಾದನೆಯ ಹೊಲಗಳಲ್ಲಿ ಕ್ರಾಸಿಂಗ್ ಕೆಲಸ ನಡೆಯುತ್ತದೆ. ಸಂಜೆ ಅರಳದ ಮೊಗ್ಗನ್ನು ಹಿಡಿದು, ಹೆಬ್ಬೆರಳ ಉಗುರಿನಿಂದ ದಳ ಮತ್ತು ಕೇಸರಗಳನ್ನು ಸುತ್ತಲೂ ಕಿತ್ತು, ಗುರುತಿಗೆ ಕಾಗದ ಸಿಕ್ಕಿಸುತ್ತಾರೆ. ಮರುದಿನ ಬೆಳಗ್ಗೆ ಗಂಡು ಹೂವನ್ನು ತಂದು ಹಿಂದಿನ ದಿನ ಬಿಡಿಸಿಟ್ಟ ಆ ಮೊಗ್ಗಿನ ಶಲಾಕಾಗ್ರಕ್ಕೆ (ಪರಾಗ ಅಂಟುವ ತುದಿಗೆ) ಸವರುತ್ತಾರೆ. ಪ್ರತಿ ಹೂವಿಗೂ ಕೈ ತಾಗಬೇಕು, ಒಂದು ದಿನವೂ ಬಿಡುವಂತಿಲ್ಲ, ಹೀಗೆ ಎರಡು ಮೂರು ತಿಂಗಳು. ಕಡಿಮೆ ಕೂಲಿಗೆ, ಎದುರು ಮಾತಾಡದೆ ಸಾಲು ಹಿಡಿದು ಹೋಗುತ್ತಾರೆಂದು ಹುಡುಗಿಯರನ್ನು ಕರೆಯುತ್ತಾರೆ. ಬೀಜ ಕಂಪನಿ ಕೊಡುವ ದರ, ಏಜೆಂಟಿನ ಮೂಲಕ ರೈತನಿಗೆ ಬರುವ ಮುಂಗಡ, ರೈತ ಮನೆಗೆ ಕೊಡುವ ಮುಂಗಡ, ಈ ಸರಪಳಿಯ ಕೊನೆಯ ಕೊಂಡಿ ಆ ಹುಡುಗಿ. ಹೊಲ ರಸ್ತೆಯಿಂದ ದೂರ, ನೋಡುವ ದಾರಿಹೋಕರಿಲ್ಲ. ಅಲ್ಲಿ ಕೆಲಸ ಮಾಡುವುದು ಸಹಾಯವಾಣಿಯಲ್ಲ, ಶಾಲೆಯ ಹಾಜರಿ ಪುಸ್ತಕ. ಆಗಸ್ಟ್‌ನಿಂದ ಒಂದೇ ಓಣಿಯ ಆರು ಹುಡುಗಿಯರ ಮುಂದೆ ಒಟ್ಟಿಗೇ ಗೈರು ಬಿದ್ದರೆ ಅವರು ಯಾವ ಹೊಲದಲ್ಲಿದ್ದಾರೆ ಎಂದು ಊರಿಗೆಲ್ಲ ಗೊತ್ತಿರುತ್ತದೆ.

ಮಕ್ಕಳ ಗ್ರಾಮಸಭೆ ಸಾಮಾನ್ಯವಾಗಿ ನಡೆಯುವುದು ವರ್ಷದ ಕೊನೆಗೆ, ಹಂಗಾಮು ಮುಗಿದ ಮೇಲೆ. ಹತ್ತಿ ಬೀಜದ ಊರುಗಳಲ್ಲಿ ಜುಲೈಯಲ್ಲೇ ಒಂದು ಸಭೆ ಸೇರಿಸಿ, ಶಾಲೆಯ ಉಸ್ತುವಾರಿ ಸಮಿತಿಯಾದ ಎಸ್‌ಡಿಎಂಸಿಯವರು, ಬೀಜ ಬೆಳೆಯುವ ರೈತರು, ಏಜೆಂಟರು, ತಾಯಂದಿರನ್ನು ಕೂರಿಸಿ, ಕಳೆದ ವರ್ಷದ ಆಗಸ್ಟ್‌ನಿಂದ ಅಕ್ಟೋಬರ್‌ವರೆಗಿನ ಹಾಜರಿಯನ್ನು ಹೆಸರು ಓದದೆ, ಓಣಿವಾರು ಸಂಖ್ಯೆಯಲ್ಲಿ ಓದಿ ಹೇಳಬೇಕು. ಪಿಡಿಒ ಆ ಸಂಖ್ಯೆಗಳನ್ನು ನಡಾವಳಿಯಲ್ಲಿ ಬರೆಸಿ, ಒಂದು ಪ್ರತಿ ಕಾರ್ಮಿಕ ನಿರೀಕ್ಷಕರಿಗೆ, ಒಂದು ಪ್ರತಿ ಬಿಇಒಗೆ ಕಳಿಸಬೇಕು. ಮೊಗ್ಗು ಬಿಡುವ ಮೊದಲ ವಾರ ಮೂರು ದಿನಕ್ಕೊಮ್ಮೆ ಹಾಜರಿ ನೋಡುವ ಹೊಣೆಯನ್ನು ಅದೇ ಸಭೆಯಲ್ಲಿ ಇಬ್ಬರಿಗೆ, ಹೆಸರು ಹಿಡಿದು, ಒಪ್ಪಿಸಬೇಕು. ಅವರಲ್ಲಿ ಒಬ್ಬರಾದರೂ ಆ ಓಣಿಯ ಹೆಣ್ಣುಮಗಳಾಗಿರಲಿ.